ನಾಯಿ, ಬೆಕ್ಕಿನ ಗಾಯಕ್ಕೆ ಹುಳ ಬಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಹಿಡಿದರೆ ಸಾಕು, ಪಶು ಆಸ್ಪತ್ರೆಯ ಜಗಲಿಯಲ್ಲಿ ‘ಹುಳ ಬಿದ್ದಿದೆ’ ಎಂಬ ಮಾತು ಕೇಳತೊಡಗುತ್ತದೆ. ಹಾಗೆ ಹೇಳುವವರ ಮುಖದಲ್ಲಿ ಗಾಬರಿಯ ಜೊತೆಗೆ ಒಂದಿಷ್ಟು ನಾಚಿಕೆಯೂ ಇರುತ್ತದೆ. ನಾಚಿಕೆಗೆ ಕಾರಣವಿಲ್ಲ, ಅವಸರಕ್ಕೆ ಕಾರಣವಿದೆ. ಸಾಕುಪ್ರಾಣಿ ಇರುವ ಮನೆಯವರು, ಬೀದಿನಾಯಿಗಳಿಗೆ ಅನ್ನ ಹಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಗಾಯದಲ್ಲಿ ಹುಳ ಎಲ್ಲಿಂದ ಬರುತ್ತದೆ? ರಕ್ತ ಕೆಟ್ಟರೆ ಹುಟ್ಟುತ್ತದೆ ಎನ್ನುತ್ತಾರಲ್ಲ?

ರಕ್ತದಿಂದ ಹುಳ ಹುಟ್ಟುವುದಿಲ್ಲ. ಗಾಯದ ಮೇಲೆ ನೊಣ ಕುಳಿತು ಮೊಟ್ಟೆಯಿಡುತ್ತದೆ, ಮೊಟ್ಟೆಯೊಡೆದು ಬಂದ ಮರಿಗಳೇ ನಾವು ಕಾಣುವ ಹುಳ. ಕೊಳೆತದ್ದರಿಂದ ಹುಳ ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆಯನ್ನು ಇಟಲಿಯ ಫ್ರಾಂಚೆಸ್ಕೊ ರೆಡಿ 1668ರಲ್ಲೇ ಅಲುಗಾಡಿಸಿದ್ದ. ಬಾಯಿ ತೆರೆದಿಟ್ಟ ಜಾಡಿಯ ಮಾಂಸದಲ್ಲಿ ಹುಳವಾಯಿತು, ತೆಳುಬಟ್ಟೆ ಕಟ್ಟಿದ ಜಾಡಿಯಲ್ಲಿ ಆಗಲಿಲ್ಲ. ಗಾಯದ ಮಟ್ಟಿಗೂ ಇದೇ ಸತ್ಯ. ನೊಣ ಕೂರದಂತೆ ಮುಚ್ಚಿದ ಗಾಯಕ್ಕೆ ಹುಳ ಬೀಳುವುದಿಲ್ಲ.

ಇದಕ್ಕೂ ಹೊಟ್ಟೆಯ ಜಂತುಹುಳುವಿಗೂ ಸಂಬಂಧವಿಲ್ಲ. ‘ಹೋದ ತಿಂಗಳಷ್ಟೇ ಹುಳದ ಮಾತ್ರೆ ಕೊಟ್ಟಿದ್ದೆವು’ ಎಂದು ಹಲವರು ಹೇಳುತ್ತಾರೆ. ಆ ಮಾತ್ರೆಯ ಕೆಲಸವೇ ಬೇರೆ, ಗಾಯದ ಹುಳಕ್ಕೆ ಅದು ನಾಟುವುದಿಲ್ಲ.

ಎಲ್ಲ ನೊಣಗಳೂ ಹೀಗೆ ಮೊಟ್ಟೆ ಇಡುತ್ತವೆಯೇ?

ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯವನ್ನು ಬೇರೆ ಮಾಡಿ ನೋಡಬೇಕು. ಹಸಿರು, ನೀಲಿ ಹೊಳಪಿನ ನೊಣಗಳು, ಬೂದು ಬಣ್ಣದ ಮಾಂಸದ ನೊಣಗಳು ಸತ್ತ ಪ್ರಾಣಿ ಮತ್ತು ಕಸದಲ್ಲಿ ಬದುಕು ನಡೆಸುವಂಥವು. ಕೀವು ತುಂಬಿದ ಗಾಯವೋ, ಮಲಮೂತ್ರ ಅಂಟಿ ಗಂಟುಕಟ್ಟಿದ ಕೂದಲೋ ಸಿಕ್ಕರೆ ಅಲ್ಲಿಗೂ ಬರುತ್ತವೆ. ಅವುಗಳ ಮರಿಗಳಿಗೆ ಬೇಕಾದ್ದು ಹೆಚ್ಚಾಗಿ ಸತ್ತ ಅಂಗಾಂಶ.

ಎರಡನೆಯದು ಕ್ರೈಸೊಮಿಯಾ ಬೆಜ್ಜಿಯಾನಾ ಎಂಬ ನೊಣ. ಫ್ರಾನ್ಸಿನ ಕೀಟತಜ್ಞ ವಿಲ್ನೆವ್ 1914ರಲ್ಲಿ ಇದಕ್ಕೆ ಹೆಸರಿಟ್ಟ. ಆಫ್ರಿಕಾ, ಭಾರತ, ಆಗ್ನೇಯ ಏಷ್ಯಾಗಳಲ್ಲೆಲ್ಲ ಇದರ ಸಂಚಾರವಿದೆ. ಇದರ ಮರಿಗೆ ಬದುಕಿರುವ ಪ್ರಾಣಿಯ ಹಸಿ ಮಾಂಸವೇ ಬೇಕು, ಹೆಣದ ಮೇಲೆ ಅದು ಬೆಳೆಯದು. ಆದ್ದರಿಂದಲೇ ಇದು ಹೆಚ್ಚು ಅಪಾಯಕಾರಿ. ಕೀವು, ಕೊಳೆ ಏನೂ ಇಲ್ಲದ ತಾಜಾ ಗಾಯವೂ ಇದಕ್ಕೆ ಸಾಕು. ಉಣ್ಣೆ ಕಚ್ಚಿ ಬಿಟ್ಟ ಸಣ್ಣ ಗುರುತಿನಲ್ಲೂ ಮೊಟ್ಟೆಯಿಟ್ಟೀತು.

ಯಾವ ನೊಣದ ಹುಳ ಎಂದು ಬರಿಗಣ್ಣಿಗೆ ಹೇಳುವುದು ಕಷ್ಟ. ಮನೆಯವರು ಅದನ್ನು ಪತ್ತೆ ಮಾಡುತ್ತಾ ಕೂರುವ ಅಗತ್ಯವೂ ಇಲ್ಲ.

ನಿನ್ನೆ ಸಂಜೆ ಏನೂ ಇರಲಿಲ್ಲ. ಇಷ್ಟು ಬೇಗ ಹೇಗಾಯಿತು?

ಬೆಜ್ಜಿಯಾನಾ ಹೆಣ್ಣು ನೊಣ ಗಾಯದ ಅಂಚಿನಲ್ಲಿ ಒಮ್ಮೆಗೆ ನೂರೈವತ್ತರಿಂದ ಇನ್ನೂರರಷ್ಟು ಮೊಟ್ಟೆಗಳನ್ನು ಒತ್ತೊತ್ತಾಗಿ ಅಂಟಿಸುತ್ತದೆ. ರೋಮದ ಬುಡದಲ್ಲಿ ಬಿಳಿ ರವೆ ಮೆತ್ತಿದಂತೆ ಕಾಣುವುದು ಅದೇ. ನಮ್ಮ ಸೆಕೆಗೆ ಅವು ಒಡೆಯಲು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಸಾಕು. ಹೊರಬಂದ ಮರಿಗಳು ನೇರವಾಗಿ ಗಾಯದೊಳಕ್ಕೆ ಕೊರೆಯುತ್ತವೆ. ಆರೇಳು ದಿನ ತಿಂದು ಬಲಿತು, ತಾವಾಗಿ ನೆಲಕ್ಕೆ ಬಿದ್ದು, ಮಣ್ಣು ಸೇರಿ ಕೋಶ ಕಟ್ಟಿಕೊಳ್ಳುತ್ತವೆ. ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ವಾರದಲ್ಲಿ ಅಲ್ಲಿಂದ ಹೊಸ ನೊಣ ಏಳುತ್ತದೆ.

ಹುಳ ಇರುವ ಗಾಯದ ವಾಸನೆಗೆ ಇನ್ನಷ್ಟು ನೊಣಗಳು ಬಂದು ಮೊಟ್ಟೆಯಿಡುತ್ತವೆ. ಹಾಗಾಗಿ ಒಂದೇ ಗಾಯದಲ್ಲಿ ಕೂದಲೆಳೆಯಷ್ಟು ಸಣ್ಣ ಮರಿಯಿಂದ ಹಿಡಿದು ಒಂದೂವರೆ ಸೆಂಟಿಮೀಟರ್‌ ಉದ್ದದ ದಪ್ಪ ಹುಳದವರೆಗೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ‘ನಾಳೆ ನೋಡೋಣ’ ಎಂಬ ಮಾತು ಈ ವಿಷಯದಲ್ಲಿ ದುಬಾರಿಯಾಗುವುದು ಇದಕ್ಕೇ.

ಹುಳ ಬಿದ್ದಿದೆ ಎಂದು ಗೊತ್ತಾಗುವುದು ಹೇಗೆ?

ಮೊದಲು ವಾಸನೆ. ಸಾಮಾನ್ಯ ಕೀವಿನ ವಾಸನೆಗಿಂತ ಬೇರೆಯಾದ, ಸಿಹಿಯೊಡನೆ ಕೊಳೆತ ನಾತ ಬೆರೆತ ವಾಸನೆ ಅದು. ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ನಾಯಿ ಒಂದೇ ಜಾಗವನ್ನು ಬಿಡದೆ ನೆಕ್ಕುತ್ತಿರುತ್ತದೆ, ಇದ್ದಕ್ಕಿದ್ದಂತೆ ಎದ್ದು ತಿರುಗಿ ಕಚ್ಚಿಕೊಳ್ಳುತ್ತದೆ, ಕಿವಿ ಕೊಡವುತ್ತದೆ. ರಕ್ತ ಬೆರೆತ ತೆಳು ನೀರು ಒಸರಿ ರೋಮ ಒದ್ದೆಯಾಗಿರುತ್ತದೆ.

ರೋಮ ಸರಿಸಿ ನೋಡಿದರೆ ಕೆಲವೊಮ್ಮೆ ಕಾಣುವುದು ಕಡಲೆಕಾಳಿನಷ್ಟು ಸಣ್ಣ ತೂತು ಮಾತ್ರ. ಅದನ್ನು ಕಂಡು ಸಮಾಧಾನಪಡಬೇಡಿ. ಟಾರ್ಚ್‌ ಬೆಳಕು ಬಿಟ್ಟು ಒಂದು ನಿಮಿಷ ದಿಟ್ಟಿಸಿ. ಹುಳಗಳು ತಲೆ ಕೆಳಗೆ ಮಾಡಿ, ಬಾಲದ ತುದಿಯನ್ನು ಮೇಲಕ್ಕೆ ಇಟ್ಟು ಸಾಲಾಗಿ ನಿಂತಿರುತ್ತವೆ, ಏಕೆಂದರೆ ಉಸಿರಾಡುವ ರಂಧ್ರಗಳು ಬಾಲದಲ್ಲಿವೆ. ಬೆಳಕೋ ಬೆರಳೋ ಸೋಕಿದ ತಕ್ಷಣ ಎಲ್ಲವೂ ಒಟ್ಟಿಗೆ ಒಳಕ್ಕೆ ಸರಿಯುತ್ತವೆ, ಸ್ವಲ್ಪ ಹೊತ್ತಿಗೆ ಗಾಳಿಗಾಗಿ ಮತ್ತೆ ಮೇಲೇಳುತ್ತವೆ. ತೂತು ಚಿಕ್ಕದಾದರೂ ಚರ್ಮದ ಕೆಳಗೆ ಅಂಗೈಯಗಲದ ಪೊಳ್ಳಾಗಿರಬಹುದು.

ಬೆಕ್ಕು ಹೀಗೆಲ್ಲ ತೋರಿಸಿಕೊಳ್ಳುವುದಿಲ್ಲ. ಮಂಚದ ಕೆಳಗೋ ಅಟ್ಟದ ಮೂಲೆಗೋ ಸೇರಿಕೊಂಡು ಊಟ ಬಿಡುತ್ತದೆ. ಎರಡು ದಿನದಿಂದ ಅಡಗಿ ಕೂತಿರುವ ಗಂಡು ಬೆಕ್ಕನ್ನು, ಅದರಲ್ಲೂ ಕಾದಾಡಿ ಬಂದದ್ದನ್ನು, ಎತ್ತಿ ತಲೆಯಿಂದ ಬಾಲದ ಬುಡದವರೆಗೆ ಸವರಿ ನೋಡಲೇಬೇಕು.

ದೇಹದ ಯಾವ ಭಾಗದಲ್ಲಿ ಹೆಚ್ಚು?

ನಾಯಿಯ ನಾಲಿಗೆ ಎಟುಕದ ಕಡೆ. ಕುತ್ತಿಗೆ, ನೆತ್ತಿ, ಕಿವಿ ಮತ್ತು ಬಾಲದ ಬುಡ. ಜೋತುಬಿದ್ದ ಕಿವಿಯ ಲ್ಯಾಬ್ರಡಾರ್‌, ಕಾಕರ್‌ ಸ್ಪೇನಿಯಲ್‌ಗಳಲ್ಲಿ ಕಿವಿ ಸೋರುತ್ತಿದ್ದರೆ ಒಳಗೇ ಹುಳವಾಗುತ್ತದೆ. ಉದ್ದ ಕೂದಲಿನ ಪರ್ಷಿಯನ್‌ ಬೆಕ್ಕು, ಶಿಹ್‌ ತ್ಸು ನಾಯಿಗಳಿಗೆ ಭೇದಿಯಾದರೆ ಬಾಲದ ಕೆಳಗೆ. ಹೆರಿಗೆಯಾದ ಹೆಣ್ಣುನಾಯಿಗೆ ಯೋನಿಯ ಸುತ್ತ, ಹುಟ್ಟಿದ ಮರಿಗೆ ಹೊಕ್ಕುಳಲ್ಲಿ. ಉಣ್ಣೆ ತುಂಬಿದ ಕಾಲ್ಬೆರಳ ಸಂದಿಗಳಲ್ಲಿ. ಬೀದಿನಾಯಿಗಳಲ್ಲಿ ಜನನಾಂಗದ ಮೇಲೆ ಬರುವ, ರಕ್ತ ಒಸರುವ ಹೂಕೋಸಿನಾಕಾರದ ಗಡ್ಡೆಯೂ ನೊಣಗಳನ್ನು ಕರೆಯುತ್ತದೆ. ಅದು ಕೂಡಿಕೆಯಿಂದ ನಾಯಿಯಿಂದ ನಾಯಿಗೆ ಹರಡುವ ಕ್ಯಾನ್ಸರ್‌, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಇದೆ.

ಕುತ್ತಿಗೆಪಟ್ಟಿಯ ವಿಷಯ ಬೇರೆಯಾಗಿ ಹೇಳಬೇಕು. ಮರಿಯಿದ್ದಾಗ ಕಟ್ಟಿದ ಪಟ್ಟಿಯನ್ನೋ ಹಗ್ಗವನ್ನೋ ನಾಯಿ ಬೆಳೆದರೂ ಬದಲಿಸದೆ ಬಿಡುತ್ತಾರೆ. ಅದು ಚರ್ಮ ಕೊಯ್ದು ಒಳಗೆ ಇಳಿದು ಸುತ್ತಲೂ ಹುಳವಾದದ್ದನ್ನು ಕಂಡಾಗ ಬರುವ ಸಿಟ್ಟನ್ನು ತಡೆದುಕೊಳ್ಳುವುದು ಕಷ್ಟ. ಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಅಷ್ಟೇ.

ನಮ್ಮ ನಾಯಿ ಮನೆಯೊಳಗೇ ಇರುತ್ತದೆ, ವಾರವಾರ ಸ್ನಾನ ಮಾಡಿಸುತ್ತೇವೆ. ಆದರೂ ಆಗುವುದೇ?

ಆಗುತ್ತದೆ. ಒಂದು ಗಾಯ, ಒಂದು ನೊಣ ಇಷ್ಟೇ ಬೇಕಾದದ್ದು.

ಆಸ್ಪತ್ರೆ ತಲುಪುವವರೆಗೆ ಮನೆಯಲ್ಲಿ ಏನು ಮಾಡಬಹುದು?

ಮೊದಲು ನಿಮ್ಮ ಕೈ ಕಾಪಾಡಿಕೊಳ್ಳಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಗ್ಲೌಸ್‌ ಹಾಕಿ. ನಾಯಿಗೆ ಉಸಿರಾಟದ ತೊಂದರೆ ಇಲ್ಲದಿದ್ದರೆ ಅಗಲವಾದ ಬಟ್ಟೆಪಟ್ಟಿಯಿಂದ ಮೂತಿ ಕಟ್ಟಿ. ಬೆಕ್ಕನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ.

ಗಾಯದ ಸುತ್ತಲಿನ ಕೂದಲನ್ನು ಬಿಡಿಸಿ, ಕುದಿಸಿ ಆರಿಸಿದ ಉಪ್ಪುನೀರಿನಿಂದ (ಅರ್ಧ ಲೀಟರಿಗೆ ಒಂದು ಸಣ್ಣ ಚಮಚ ಉಪ್ಪು) ಅಥವಾ ಸಲೈನಿನಿಂದ ಧಾರಾಳವಾಗಿ ತೊಳೆಯಿರಿ. ಸೂಜಿ ತೆಗೆದ ಸಿರಿಂಜ್‌ ಇದ್ದರೆ ಅನುಕೂಲ. ತಾವಾಗಿ ಹೊರಬಿದ್ದ ಹುಳಗಳನ್ನು ಹಳೆಯ ಡಬ್ಬಿಗೆ ಹಾಕಿ ಮೇಲೆ ಕುದಿಯುವ ನೀರು ಸುರಿಯಿರಿ. ಅಂಗಳಕ್ಕೆ ಎಸೆದರೆ ಅವು ಮಣ್ಣು ಸೇರಿ ನೊಣವಾಗಿ ಮರಳುತ್ತವೆ. ಗಾಯದ ಮೇಲೆ ಸಡಿಲವಾಗಿ ಶುಭ್ರ ಬಟ್ಟೆ ಮುಚ್ಚಿ ಹೊರಡಿ.

ಆಳದಲ್ಲಿರುವ ಹುಳಗಳನ್ನು ಚಿಮಟದಿಂದ ಎಳೆಯಲು ಹೋಗಬೇಡಿ. ಅವುಗಳ ಮೈ ಸುತ್ತ ಉಂಗುರ ಉಂಗುರವಾಗಿ ಸಣ್ಣ ಮುಳ್ಳುಗಳಿವೆ, ಎಳೆದಷ್ಟೂ ಬಿಗಿಹಿಡಿಯುತ್ತವೆ. ತುಂಡಾಗಿ ಒಳಗುಳಿದ ಹುಳ ಸೋಂಕಿಗೆ ದಾರಿ. ಕಣ್ಣು, ಕಿವಿ, ಮೂಗು, ಬಾಯಿಯ ಹುಳಕ್ಕಂತೂ ಮನೆಯಲ್ಲಿ ಕೈಹಾಕಲೇಬಾರದು.

ಒಸಡು ಬಿಳಿಚಿಕೊಂಡಿದ್ದರೆ, ಮೈ ತಣ್ಣಗಾಗಿದ್ದರೆ, ಪ್ರಾಣಿ ಏಳಲಾಗದೆ ಬಿದ್ದಿದ್ದರೆ ತೊಳೆಯುವುದಕ್ಕೂ ನಿಲ್ಲಬೇಡಿ, ಹೊರಟುಬಿಡಿ. ನಂಜು ರಕ್ತಕ್ಕೆ ಏರಿರಬಹುದು.

ಟರ್ಪೆಂಟೈನ್‌, ಸೀಮೆಎಣ್ಣೆ, ನುಸಿಗುಳಿಗೆ ಪುಡಿ, ಸೀತಾಫಲದ ಎಲೆ... ಹಿಂದಿನವರು ಇದನ್ನೇ ಬಳಸುತ್ತಿದ್ದರಲ್ಲ?

ಬಳಸುತ್ತಿದ್ದರು, ಹೆಚ್ಚಾಗಿ ದನ ಎತ್ತುಗಳಿಗೆ. ನಾನೂರು ಕಿಲೋ ತೂಗುವ, ತನ್ನ ಬೆನ್ನಿನ ಗಾಯ ನೆಕ್ಕಲಾಗದ ಎತ್ತಿಗೆ ನಡೆದದ್ದು ನಾಲ್ಕು ಕಿಲೋದ ಬೆಕ್ಕಿಗೆ ನಡೆಯುವುದಿಲ್ಲ. ಬೆಕ್ಕು, ನಾಯಿಗಳು ಗಾಯಕ್ಕೆ ಹಾಕಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗಿಳಿಸುತ್ತವೆ.

ನುಸಿಗುಳಿಗೆ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಯಕೃತ್ತಿಗೂ ಕೆಡುಕು. ಬಟ್ಟೆ ಕಪಾಟಿನ ವಸ್ತುವನ್ನು ಹಸಿ ಮಾಂಸಕ್ಕೆ ತುಂಬುವುದು ಯಾವ ಧೈರ್ಯದಿಂದಲೋ ನನಗೆ ಅರ್ಥವಾಗಿಲ್ಲ. ಸೀಮೆಎಣ್ಣೆ, ಪೆಟ್ರೋಲ್‌ ಚರ್ಮ ಸುಡುತ್ತವೆ, ನೆಕ್ಕುವಾಗ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ. ಹೊಗೆಸೊಪ್ಪಿನಲ್ಲಿ ನಿಕೋಟಿನ್‌ ಇದೆ. ಸುಣ್ಣ ಸುಡುತ್ತದೆ. ಫಿನಾಯಿಲ್‌ ಬೆಕ್ಕಿಗೆ ನೇರ ವಿಷ. ಸೀತಾಫಲದ ಎಲೆ ಅರೆದು ಹಚ್ಚುವುದು ಹಳ್ಳಿಗಳಲ್ಲಿ ಈಗಲೂ ಇದೆ. ಹುಳ ಹೊರಬರುವುದೂ ಉಂಟು. ಆದರೆ ಬೀಜ ಬೆರೆತ ರಸ ಕಣ್ಣಿಗೆ ತಾಗಿದರೆ ತೀವ್ರ ಉರಿಯೂತವಾಗುತ್ತದೆ. ಮುಖ, ಕಿವಿಯ ಸುತ್ತ ಬೇಡವೇ ಬೇಡ.

ಟರ್ಪೆಂಟೈನ್‌ ಎಣ್ಣೆ ಇವುಗಳಲ್ಲಿ ಸ್ವಲ್ಪ ಬೇರೆ. ನಮ್ಮ ಪಶುವೈದ್ಯರೇ ಅದರಲ್ಲಿ ಅದ್ದಿದ ಗಾಜ್‌ ಬಟ್ಟೆಯನ್ನು ಸ್ವಲ್ಪ ಹೊತ್ತು ಗಾಯದ ಬಾಯಿಗಿಟ್ಟು ಹುಳ ಹೊರಡಿಸುತ್ತಾ ಬಂದಿದ್ದಾರೆ. ಅವರು ಕೆಲಸ ಮುಗಿದೊಡನೆ ತೊಳೆದು ತೆಗೆಯುತ್ತಾರೆ. ಮನೆಯಲ್ಲಿ ಸುರಿದು ಬಿಟ್ಟರೆ ಉರಿಗೆ ನಾಯಿ ಹುಚ್ಚೆದ್ದು ಓಡುತ್ತದೆ, ಹುಳಗಳು ಆಳಕ್ಕೆ ಸರಿಯುತ್ತವೆ ಅಥವಾ ಒಳಗೇ ಸತ್ತು ಕೊಳೆಯುತ್ತವೆ. ಬೆಕ್ಕಿಗೆ ಅದನ್ನು ಮುಟ್ಟಿಸಲೇಬೇಡಿ.

ಬೇವಿನೆಣ್ಣೆಯ ಬಗ್ಗೆಯೂ ಕೇಳುತ್ತಾರೆ. ನಾಯಿಯ ಗಾಯದ ಸುತ್ತ (ಗಾಯದೊಳಗಲ್ಲ) ತೆಳುವಾಗಿ ಸವರಿದರೆ ನೊಣ ದೂರವಿರಲು ನೆರವಾದೀತು. ಒಳಗಿರುವ ಹುಳಕ್ಕೆ ಅದು ಮದ್ದಲ್ಲ.

ಔಷಧಿ ಅಂಗಡಿಯಲ್ಲಿ ಹುಳದ ಸ್ಪ್ರೇ ಸಿಗುತ್ತದೆ. ಬೆಕ್ಕಿಗೂ ಅದನ್ನೇ ಹಾಕಬಹುದೇ?

ಕೇಳದೆ ಹಾಕಬೇಡಿ. ಪರ್ಮೆಥ್ರಿನ್‌ ಜಾತಿಯ ಕೀಟನಾಶಕಗಳನ್ನು ನಾಯಿಯ ದೇಹ ತಾಳಿಕೊಳ್ಳುತ್ತದೆ, ಬೆಕ್ಕಿನ ಯಕೃತ್ತಿಗೆ ಅವನ್ನು ಒಡೆಯುವ ಶಕ್ತಿ ಸಾಲದು. ನಡುಕ, ಫಿಟ್ಸ್‌, ಸಾವು ಎಲ್ಲವೂ ಸಾಧ್ಯ. ‘ನಾಯಿಗೆ ಮಾತ್ರ’ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ಕಂಪನಿಯವರ ಔಪಚಾರಿಕ ಮಾತೆಂದು ತಿಳಿಯಬಾರದು.

ಪಶುವೈದ್ಯರು ಏನು ಮಾಡುತ್ತಾರೆ?

ಗಾಯ ದೊಡ್ಡದಿದ್ದರೆ ಅರಿವಳಿಕೆ ಅಥವಾ ಮಂಪರಿನ ಮದ್ದು ಕೊಟ್ಟು ಸುತ್ತಲೂ ಕೂದಲು ಬೋಳಿಸುತ್ತಾರೆ. ಅಷ್ಟರಲ್ಲೇ ಎಷ್ಟೋ ಸಲ ಎರಡನೆಯ, ಮೂರನೆಯ ತೂತು ಕಾಣುತ್ತದೆ. ಸಲೈನ್‌, ತೆಳು ಮಾಡಿದ ಪೊವಿಡೋನ್‌ ಅಯೋಡಿನ್‌ನಿಂದ ತೊಳೆದು, ಹುಳಗಳನ್ನು ಒಂದೊಂದಾಗಿ ಚಿಮಟದಿಂದ ತೆಗೆದು, ಸತ್ತ ಚರ್ಮ ಮಾಂಸವನ್ನು ಕತ್ತರಿಸಿ ಹಾಕುತ್ತಾರೆ. ಇದು ತಾಳ್ಮೆ ಬೇಡುವ ಕೆಲಸ. ನೋವುನಿವಾರಕ, ಪ್ರತಿಜೈವಿಕ, ನಿತ್ರಾಣವಾಗಿದ್ದರೆ ಡ್ರಿಪ್‌, ಜೊತೆಗೆ ಹುಳ ಕೊಲ್ಲುವ ಔಷಧ. ಇಂಥ ಗಾಯವನ್ನು ಸಾಮಾನ್ಯವಾಗಿ ತಕ್ಷಣ ಹೊಲಿಯುವುದಿಲ್ಲ, ತೆರೆದೇ ಬಿಟ್ಟು ದಿನವೂ ಡ್ರೆಸ್ಸಿಂಗ್‌ ಮಾಡಿ ತಳದಿಂದ ಮಾಗಿಸುತ್ತಾರೆ. ‘ಇಷ್ಟು ದೊಡ್ಡ ಗಾಯಕ್ಕೆ ಹೊಲಿಗೆಯನ್ನೇ ಹಾಕಲಿಲ್ಲ’ ಎಂದು ಬೇಸರಪಡಬೇಡಿ.

ಮೂಲ ಗಾಯ ಏಕಾಯಿತು ಎಂಬುದನ್ನೂ ಅವರು ನೋಡಬೇಕು. ಕಿವಿಯ ಸೋಂಕು, ಗಡ್ಡೆ, ಗುದದ ಪಕ್ಕದ ಗ್ರಂಥಿಯ ಕೀವು ಹಾಗೇ ಉಳಿದರೆ ಹುಳ ತೆಗೆದ ಶ್ರಮ ನೀರಿನಲ್ಲಿ ಹೋಮ.

ಒಂದು ಐವರ್ಮೆಕ್ಟಿನ್‌ ಇಂಜೆಕ್ಷನ್‌ ಹಾಕಿಸಿದರೆ ಸಾಲದೇ?

ಹುಳ, ಉಣ್ಣೆ ಕೊಲ್ಲಲೆಂದು ದನಕ್ಕೆ ತಂದ ಐವರ್ಮೆಕ್ಟಿನ್ನನ್ನು ಅಂದಾಜಿನಲ್ಲಿ ನಾಯಿಗೆ ಚುಚ್ಚುವುದು ಊರೂರಿನಲ್ಲಿ ನಡೆಯುತ್ತದೆ. ಕೋಲಿ, ಶೆಲ್ಟಿ, ಆಸ್ಟ್ರೇಲಿಯನ್‌ ಶೆಫರ್ಡ್‌ನಂಥ ಕುರಿ ಕಾಯುವ ತಳಿಗಳ ಹಲವು ನಾಯಿಗಳಲ್ಲಿ ಎಂಡಿಆರ್‌1 ಎಂಬ ಜೀನ್‌ ದೋಷವಿದ್ದು, ಔಷಧ ಮಿದುಳಿಗೆ ನುಗ್ಗಿ ಕುರುಡು, ನಡುಕ, ಕೋಮಾ ಆಗಬಹುದು. ಮಿಶ್ರತಳಿಯ ನಾಯಿಯಲ್ಲಿ ಯಾವ ರಕ್ತ ಬೆರೆತಿದೆಯೆಂದು ನೋಡಿ ಹೇಳಲಾಗದು. ಎಳೆಯ ಮರಿಗಳಿಗೂ ಅಪಾಯ. ಪ್ರಮಾಣ ತಿಳಿದವರು ತೂಕ ನೋಡಿಯೇ ಕೊಡಬೇಕಾದ ಮದ್ದು ಇದು.

ಉಣ್ಣೆ, ಚಿಗಟಕ್ಕೆಂದು ಬಂದ ಅಫೊಕ್ಸೊಲೇನರ್‌, ಫ್ಲುರಲೇನರ್‌ ಗುಂಪಿನ ಮಾತ್ರೆಗಳೂ ನೈಟೆನ್‌ಪೈರಮ್‌ ಎಂಬ ಮಾತ್ರೆಯೂ ಈ ಹುಳಗಳನ್ನು ಕೊಲ್ಲುತ್ತವೆ ಎಂದು ಕಂಡುಬಂದಿದೆ. ವೈದ್ಯರು ಈಗ ಇವನ್ನು ಬಳಸತೊಡಗಿದ್ದಾರೆ. ಫಿಟ್ಸ್‌ ಬಂದ ಇತಿಹಾಸವಿದ್ದರೆ ಮೊದಲೇ ಹೇಳಿ. ಯಾವುದೇ ಔಷಧ ಕೊಟ್ಟರೂ ಸತ್ತ ಹುಳಗಳನ್ನು ತೊಳೆದು ತೆಗೆಯುವ ಕೆಲಸ ತಪ್ಪುವುದಿಲ್ಲ.

ನಿನ್ನೆ ಎಲ್ಲ ತೆಗೆಸಿಕೊಂಡು ಬಂದೆವು, ಇಂದು ಮತ್ತೆ ಹುಳ. ವೈದ್ಯರು ಸರಿಯಾಗಿ ನೋಡಲಿಲ್ಲವೇ?

ಹಾಗೆಂದು ತೀರ್ಮಾನಿಸಬೇಡಿ. ಪೊಳ್ಳಿನ ಮೂಲೆಯಲ್ಲಿ ಅಡಗಿದ್ದವು ಗಾಳಿಗಾಗಿ ಮೇಲೆ ಬಂದಿರಬಹುದು, ರೋಮಕ್ಕೆ ಅಂಟಿದ್ದ ಮೊಟ್ಟೆ ಆಮೇಲೆ ಒಡೆದಿರಬಹುದು. ಎರಡು ಮೂರು ದಿನ ಸತತ ತೋರಿಸುವುದು ಚಿಕಿತ್ಸೆಯ ಭಾಗವೇ. ಈ ದಿನಗಳಲ್ಲಿ ನಾಯಿಯನ್ನು ಒಳಗೆ, ಫ್ಯಾನಿನ ಕೆಳಗೆ ಇಡಿ. ಬೆಕ್ಕಿಗೆ, ಮರಿಗಳಿಗೆ ಸೊಳ್ಳೆಪರದೆ ಇಳಿಬಿಟ್ಟರೂ ಆಯಿತು.

ಹುಳ ಗಾಯವನ್ನು ಶುಚಿ ಮಾಡುತ್ತದೆಂದು ಓದಿದೆ. ಹಾಗೇ ಬಿಟ್ಟರೆ?

ಓದಿದ್ದು ಸುಳ್ಳಲ್ಲ. ಮೊದಲ ಮಹಾಯುದ್ಧದಲ್ಲಿ ಹುಳ ಬಿದ್ದ ಸೈನಿಕರ ಗಾಯಗಳು ಅಚ್ಚರಿಯೆನಿಸುವಷ್ಟು ಚೊಕ್ಕಟವಾಗಿದ್ದುದನ್ನು ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಬೇರ್‌ ಗಮನಿಸಿದ್ದರು, ಮುಂದೆ ಅದನ್ನೇ ಚಿಕಿತ್ಸೆಯಾಗಿ ಬೆಳೆಸಿದರು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಕರೂ ಅದಕ್ಕೆ ಅನುಮತಿ ಕೊಟ್ಟರು. ಆದರೆ ಅಲ್ಲಿ ಬಳಸುವುದು ಪ್ರಯೋಗಾಲಯದಲ್ಲಿ ಕ್ರಿಮಿರಹಿತವಾಗಿ ಬೆಳೆಸಿದ, ಸತ್ತ ಅಂಗಾಂಶ ಮಾತ್ರ ತಿನ್ನುವ ಲುಸಿಲಿಯಾ ಎಂಬ ಹಸಿರು ನೊಣದ ಮರಿಗಳನ್ನು, ಅದೂ ಎಣಿಸಿ, ಗಂಟೆ ನೋಡಿ. ನಿಮ್ಮ ನಾಯಿಯ ಬೆನ್ನಲ್ಲಿರುವುದು ಬೆಜ್ಜಿಯಾನಾ ಆದರೆ ಅದು ತಿನ್ನುತ್ತಿರುವುದು ಜೀವಂತ ಮಾಂಸವನ್ನು.

ನಮಗೆ, ಮಕ್ಕಳಿಗೆ ಅಂಟುತ್ತದೆಯೇ?

ನಾಯಿಯ ಹುಳ ನೇರವಾಗಿ ಮನುಷ್ಯರಿಗೆ ಹತ್ತುವುದಿಲ್ಲ. ಅದು ನೆಲಕ್ಕೆ ಬಿದ್ದು ನೊಣವಾಗಬೇಕು. ಆದರೆ ಆ ನೊಣಕ್ಕೆ ಮನುಷ್ಯರ ಗಾಯವೂ ಒಪ್ಪಿಗೆಯೇ. ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾದವರು, ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿದ್ದರೆ ಅವರ ಗಾಯ ಮುಚ್ಚಿಡಿ.

ಇನ್ನೂ ದೊಡ್ಡ ಭಯ ರೇಬೀಸ್‌. ಬೇರೆ ನಾಯಿ ಕಚ್ಚಿದ ಗಾಯಕ್ಕೇ ಹುಳ ಬಿದ್ದಿರಬಹುದು. ಚಿಕಿತ್ಸೆ ಮಾಡುವಾಗ ಕಚ್ಚಿಸಿಕೊಂಡರೆ, ಪರಚಿಸಿಕೊಂಡರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಲಸಿಕೆ ಶುರುಮಾಡಿ.

ಬೀದಿನಾಯಿಗೆ ಹುಳ ಬಿದ್ದಿದೆ, ಹತ್ತಿರ ಸೇರಿಸುವುದಿಲ್ಲ. ಏನು ಮಾಡಲಿ?

ಅಟ್ಟಿಸಿಕೊಂಡು ಹೋದರೆ ಅದು ಆ ಬೀದಿಯನ್ನೇ ಬಿಡುತ್ತದೆ. ದಿನವೂ ಊಟ ಹಾಕುವವರ ನೆರವು ಪಡೆಯಿರಿ. ನಾಯಿಯ ತೂಕದ ಅಂದಾಜು, ಗಾಯದ ಫೋಟೊ ಪಶುವೈದ್ಯರಿಗೆ ತೋರಿಸಿದರೆ ಮೇಲೆ ಹೇಳಿದ ಮಾತ್ರೆಗಳಲ್ಲಿ ಸೂಕ್ತವಾದುದನ್ನು ಬರೆದುಕೊಡುತ್ತಾರೆ. ಬೇಯಿಸಿದ ಮೊಟ್ಟೆಯಲ್ಲೋ ಕೋಳಿಮಾಂಸದಲ್ಲೋ ಅಡಗಿಸಿ ಕೊಡಬಹುದು. ಅದರಿಂದ ಹುಳ ಸಾಯುತ್ತದೆ, ಗಾಯ ವಾಸಿಯಾಗುವುದಿಲ್ಲ. ಆಮೇಲೂ ಹಿಡಿದು ತೊಳೆಸಬೇಕು. ಸರ್ಕಾರಿ ಪಶು ಆಸ್ಪತ್ರೆ, ಊರಿನ ಪ್ರಾಣಿದಯಾ ಸಂಘಗಳಲ್ಲಿ ವಿಚಾರಿಸಿ. ಪಶು ಚಿಕಿತ್ಸೆಯ 1962 ಸಹಾಯವಾಣಿ ಮುಖ್ಯವಾಗಿ ಜಾನುವಾರುಗಳಿಗಾಗಿ ಇದ್ದರೂ ಮಾಹಿತಿ ಕೇಳಲು ಅಡ್ಡಿಯಿಲ್ಲ.

ಅಮೆರಿಕದಲ್ಲಿರುವ ಮಗಳ ಬೆಕ್ಕಿನ ಕತ್ತಿನಲ್ಲಿ ಗಂಟು, ನಡುವೆ ತೂತು. ಒಳಗೆ ಒಂದೇ ಹುಳವಂತೆ. ಇದೂ ಅದೇನಾ?

ಅಲ್ಲ. ಅದು ಕ್ಯುಟೆರೆಬ್ರಾ, ಅಮೆರಿಕ ಖಂಡದ ನೊಣ. ಮೊಲ, ಇಲಿಗಳ ಬಿಲದ ಬಾಯಲ್ಲಿ ಮೊಟ್ಟೆಯಿಡುತ್ತದೆ, ಬಿಲಕ್ಕೆ ಮೂತಿ ತೂರಿಸುವ ಬೆಕ್ಕು ನಾಯಿಗಳ ಮೂಗು ಬಾಯಿಯ ಮೂಲಕ ಮರಿ ಒಳಹೊಕ್ಕು, ದೇಹದಲ್ಲಿ ಅಲೆದು, ಕೊನೆಗೆ ಚರ್ಮದಡಿ ನೆಲೆಸುತ್ತದೆ. ಬೇಸಿಗೆಯ ಕೊನೆಯಲ್ಲಿ, ಶರತ್ಕಾಲದಲ್ಲಿ ಹೆಚ್ಚು. ಹಿಸುಕಬಾರದೆಂದು ಮಗಳಿಗೆ ಕೂಡಲೇ ಹೇಳಿ. ಹುಳ ಒಳಗೆ ಒಡೆದರೆ ಸೋಂಕು, ಕೆಲವೊಮ್ಮೆ ತೀವ್ರ ಅಲರ್ಜಿ. ವೈದ್ಯರು ತೂತನ್ನು ಹಿಗ್ಗಿಸಿ ಇಡಿಯಾಗಿ ಎತ್ತುತ್ತಾರೆ. ಅಪರೂಪಕ್ಕೆ ಬೆಕ್ಕಿನಲ್ಲಿ ಅದು ಮಿದುಳಿಗೂ ಹೋಗುವುದುಂಟು. ಸುತ್ತು ಹಾಕುವುದು, ಕಣ್ಣು ಕಾಣದಿರುವುದು, ಫಿಟ್ಸ್‌ ಕಂಡರೆ ತುರ್ತಾಗಿ ತೋರಿಸಬೇಕು.

ಸುದ್ದಿಯಲ್ಲಿ ಬರುತ್ತಿರುವ ಸ್ಕ್ರೂವರ್ಮ್‌ ನಮ್ಮಲ್ಲಿಗೆ ಬಂದಿದೆಯೇ?

ಸುದ್ದಿಯಲ್ಲಿರುವುದು ಜೀವಂತ ಮಾಂಸ ತಿನ್ನುವ ಹುಳದ ನೊಣ, ಹೊಸಜಗತ್ತಿನ (ಅಂದರೆ ಅಮೆರಿಕ ಖಂಡಗಳ) ಸ್ಕ್ರೂವರ್ಮ್‌, ಕಾಕ್ಲಿಯೊಮಿಯಾ ಹೊಮಿನಿವೊರಾಕ್ಸ್‌. ವಿಕಿರಣದಿಂದ ಬಂಜೆ ಮಾಡಿದ ಗಂಡು ನೊಣಗಳನ್ನು ವಿಮಾನದಿಂದ ಬಿಟ್ಟು 1954ರಲ್ಲಿ ಕುರಸಾವೊ ದ್ವೀಪದಲ್ಲಿ ಅದನ್ನು ಅಳಿಸಿದರು. ಹೆಣ್ಣು ಸಾಮಾನ್ಯವಾಗಿ ಒಮ್ಮೆ ಮಾತ್ರ ಕೂಡುವುದರಿಂದ ಈ ಉಪಾಯ ಫಲಿಸಿತು. ಇದರ ಹಿಂದಿದ್ದ ಅಮೆರಿಕದ ವಿಜ್ಞಾನಿಗಳಾದ ನಿಪ್ಲಿಂಗ್‌ ಮತ್ತು ಬುಶ್ಲೆಂಡ್‌ 1992ರ ವಿಶ್ವ ಆಹಾರ ಪ್ರಶಸ್ತಿ ಪಡೆದರು. ಆಮೇಲೆ ಅಮೆರಿಕದಿಂದ ಪನಾಮಾದವರೆಗೆ ಅದನ್ನು ಹಿಂದಕ್ಕೆ ಅಟ್ಟಿದ್ದರು. 2023ರಿಂದ ಅದು ಮತ್ತೆ ಉತ್ತರಕ್ಕೆ ಹೊರಟು 2024ರ ನವೆಂಬರಿನಲ್ಲಿ ಮೆಕ್ಸಿಕೊ ಮುಟ್ಟಿತು. ಅಲ್ಲಿನವರಿಗೆ ಅದು ದೇಶಮಟ್ಟದ ತುರ್ತು. ಅದರ ಹಳೆಜಗತ್ತಿನ ಜೋಡಿಯಾದ ಬೆಜ್ಜಿಯಾನಾ ನಮ್ಮಲ್ಲಿ ಎಂದಿನಿಂದಲೂ ಇದೆ, ಹಾಗಾಗಿ ಸುದ್ದಿಯಾಗುವುದಿಲ್ಲ.

ಮತ್ತೆ ಬಾರದಂತೆ ಏನು ಮಾಡಬೇಕು?

ಜೂನ್‌ನಿಂದ ಮಳೆ ನಿಲ್ಲುವವರೆಗೆ ದಿನಕ್ಕೊಮ್ಮೆ ಮೈಯೆಲ್ಲ ಕೈಯಾಡಿಸಿ. ಕಿವಿಯೊಳಗೆ, ಬಾಲದ ಕೆಳಗೆ, ಬೆರಳ ಸಂದಿಗಳಲ್ಲಿ ಕಣ್ಣಿನಿಂದಲೇ ನೋಡಿ. ಸಣ್ಣ ಗೀರನ್ನೂ ತೊಳೆದು ಮುಚ್ಚಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ಹೊಲಿಗೆ ಬಿಚ್ಚುವವರೆಗೆ ನೆಕ್ಕದಂತೆ ಕುತ್ತಿಗೆಗೆ ಕೋನ್‌ ಹಾಕಿ, ನಾಯಿ ಮುನಿಸಿಕೊಂಡರೂ ಸರಿ. ಉಣ್ಣೆಗೆ ನಿಯಮಿತವಾಗಿ ಔಷಧ ಮಾಡಿಸಿ. ಮುದಿ ನಾಯಿ, ಸೊಂಟ ಬಿದ್ದ ನಾಯಿಗಳ ಹಿಂಭಾಗದ ಕೂದಲನ್ನು ಮಳೆಗಾಲ ಮುಗಿಯುವವರೆಗೆ ಗಿಡ್ಡವಾಗಿ ಕತ್ತರಿಸಿಟ್ಟರೆ ಅರ್ಧ ಕಷ್ಟ ತಪ್ಪುತ್ತದೆ. ಮಾಂಸದ ಚೂರು, ಹೇಲು ಅಂಗಳದಲ್ಲಿ ಉಳಿಯದಿರಲಿ.

ಮಾಗಲು ಎಷ್ಟು ದಿನ? ಕೂದಲು ಮತ್ತೆ ಬರುತ್ತದೆಯೇ?

ನಾಣ್ಯದಗಲದ ಗಾಯ ಒಂದೆರಡು ವಾರಕ್ಕೆ ಮುಚ್ಚಿಕೊಳ್ಳುತ್ತದೆ. ಅಂಗೈಯಗಲದ್ದಕ್ಕೆ ತಿಂಗಳು ಮೀರಬಹುದು. ತಳದಲ್ಲಿ ಕೆಂಪಗೆ, ಕಾಳುಕಾಳಾಗಿ ಹೊಸ ಮಾಂಸ ಏಳುತ್ತಿದ್ದರೆ ಎಲ್ಲ ಸರಿಯಿದೆಯೆಂದು ಅರ್ಥ. ಬೋಳಿಸಿದ ಕಡೆ ಕೂದಲು ಬರುತ್ತದೆ. ಚರ್ಮ ಪೂರ್ತಿ ಹೋಗಿ ಕಲೆಯಾದ ನಡುಭಾಗದಲ್ಲಿ ಬಾರದೆಯೂ ಇರಬಹುದು. ಅಲ್ಲಿ ಚರ್ಮ ತೆಳುವಾಗಿರುವುದರಿಂದ ಬಿಸಿಲಿಗೆ, ಪರಚಿಕೊಳ್ಳುವುದಕ್ಕೆ ಬೇಗ ಒಡೆಯುತ್ತದೆ. ಮುಂದಿನ ಮಳೆಗಾಲದಲ್ಲಿ ದಿನದ ತಪಾಸಣೆಯನ್ನು ಆ ಜಾಗದಿಂದಲೇ ಶುರುಮಾಡಿ.